ಓದದ ಲೇಖನದ ಸಾಕ್ಷಿ

ಪಂಡಿತರ ಪುಸ್ತಕಗಳಲ್ಲಿ ಯಾರೂ ಓದದ ಭಾಗವೊಂದಿದ್ದರೆ ಅದು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಆಧಾರಗಳ ಪಟ್ಟಿ. ಕರ್ತೃವಿನ ಹೆಸರು, ವರ್ಷ, ಲೇಖನದ ಶೀರ್ಷಿಕೆ, ಪತ್ರಿಕೆ, ಸಂಪುಟ, ಪುಟಸಂಖ್ಯೆ, ಇವುಗಳ ಮೆರವಣಿಗೆ ಕಂಡೊಡನೆ ಓದುಗನು ಪುಸ್ತಕ ಮುಗಿಯಿತೆಂದು ತಿಳಿದು ಮುಚ್ಚಿಡುತ್ತಾನೆ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಊಟಕ್ಕೆ ಕುಳಿತವನು ದಿನಸಿ ಅಂಗಡಿಯ ರಸೀತಿಯನ್ನು ತೋರಿಸೆಂದು ಕೇಳುವುದು ಲೋಕದ ವಾಡಿಕೆಯಲ್ಲ. ಆದರೆ ಯಾರೂ ನೋಡದ ಆ ರಸೀತಿ ಸುಳ್ಳಾಗಿದ್ದರೆ ಅದನ್ನು ಸುಳ್ಳೆಂದು ಕರೆಯಬೇಕೆ, ಕೂಡದೆ? ಬಡಿಸಿದ ಅನ್ನವಂತೂ ಅನ್ನವೇ ಅಲ್ಲವೆ?

ಈ ಪ್ರಶ್ನೆ ನನಗೆ ಎದುರಾದದ್ದು ಸಾಹಿತ್ಯದ ದಾರಿಯಿಂದಲ್ಲ, ಮನಶ್ಶಾಸ್ತ್ರದ ದಾರಿಯಿಂದ. ಕನ್ನಡ ಭಾಷೆಯ ತರಗತಿಗೆ ನಾನಾ ಶಾಸ್ತ್ರಗಳ ವಿದ್ಯಾರ್ಥಿಗಳು ಬರುತ್ತಾರೆ. ಮನಶ್ಶಾಸ್ತ್ರವನ್ನು ಆರಿಸಿಕೊಂಡವರೂ ಅವರಲ್ಲಿರುತ್ತಾರೆ. ಅವರಿಗೆ ಒಂದು ಕೆಲಸ ಕೊಡುವ ಪದ್ಧತಿಯುಂಟು. ಯಾವುದಾದರೂ ವಿಷಯವನ್ನು ತೆಗೆದುಕೊಂಡು, ಅದರ ಮೇಲೆ ವಿದ್ವತ್ಪತ್ರಿಕೆಗಳಲ್ಲಿ ಬಂದ ಹತ್ತು ಲೇಖನಗಳನ್ನು ಹುಡುಕಿ, ಅವುಗಳ ಆಧಾರದಿಂದ ಒಂದು ಪ್ರಬಂಧ ಬರೆಯಬೇಕು. ಪಠ್ಯಪುಸ್ತಕ ಆಗದು, ವಿಶ್ವಕೋಶ ಆಗದು, ದಿನಪತ್ರಿಕೆಯಂತೂ ಆಗಲೇ ಆಗದು. ಅಚ್ಚಾಗುವುದಕ್ಕೆ ಮೊದಲು ಅದೇ ಶಾಸ್ತ್ರವನ್ನು ಬಲ್ಲ ಇಬ್ಬರೋ ಮೂವರೋ ಪರೀಕ್ಷಿಸಿ ಒಪ್ಪಿದ ಲೇಖನವೇ ಆಗಬೇಕು. ಇದರ ಉದ್ದೇಶ ಒಳ್ಳೆಯದು. ಮನಸ್ಸಿನ ವಿಚಾರದಲ್ಲಿ ಎಲ್ಲರೂ ಪಂಡಿತರೇ ಆದ್ದರಿಂದ, ಮಾತಿಗೆ ಆಧಾರ ಕೇಳುವ ಅಭ್ಯಾಸ ಬೇರೆ ಶಾಸ್ತ್ರಗಳಿಗಿಂತ ಇಲ್ಲಿ ಹೆಚ್ಚು ಅಗತ್ಯ.

ಹಿಂದೆ ಇಂಥ ಲೇಖನಗಳನ್ನು ಹುಡುಕುವುದೇ ಒಂದು ತಪಸ್ಸಾಗಿತ್ತು. ಅಮೆರಿಕದ ಮನಶ್ಶಾಸ್ತ್ರ ಸಂಘದವರು ೧೯೨೭ರಿಂದ ೨೦೦೬ರವರೆಗೆ ಪ್ರಪಂಚದ ಮನಶ್ಶಾಸ್ತ್ರ ಲೇಖನಗಳ ಸಾರಾಂಶಗಳನ್ನು ಸಂಪುಟ ಸಂಪುಟವಾಗಿ ಅಚ್ಚುಮಾಡಿದರು. ದೊಡ್ಡ ಗ್ರಂಥಾಲಯಗಳಲ್ಲಿ ಆ ಸಂಪುಟಗಳ ಅಕಾರಾದಿಯ ಮೇಲೆ ಬೆರಳೋಡಿಸಿ, ಸಂಖ್ಯೆ ಗುರುತುಹಾಕಿಕೊಂಡು, ಇನ್ನೊಂದು ಸಂಪುಟ ತೆರೆದು, ಕೊನೆಗೆ ಆ ಪತ್ರಿಕೆಯೇ ಗ್ರಂಥಾಲಯದಲ್ಲಿಲ್ಲವೆಂದು ತಿಳಿಯುವುದು ಸಾಮಾನ್ಯವಾದ ಅನುಭವ. ೨೦೦೪ರಲ್ಲಿ ಗೂಗಲ್ ಸಂಸ್ಥೆ ವಿದ್ವತ್ ಲೇಖನಗಳಿಗಾಗಿಯೇ ಪ್ರತ್ಯೇಕವಾದ ಶೋಧವೊಂದನ್ನು ತೆರೆಯಿತು. ಈಗ ಬಸ್ಸಿನಲ್ಲಿ ನಿಂತುಕೊಂಡೇ ‘ಖಿನ್ನತೆ’ ಎಂದು ಇಂಗ್ಲಿಷಿನಲ್ಲಿ ಒತ್ತಿದರೆ ಲಕ್ಷಾಂತರ ಲೇಖನಗಳ ಹೆಸರು ಕಣ್ಣುಮಿಟುಕಿಸುವಷ್ಟರಲ್ಲಿ ಬಂದು ನಿಲ್ಲುತ್ತದೆ. ಹೆಸರು, ಅದರ ಕೆಳಗೆ ಎರಡು ನೂರು ಮಾತಿನ ಸಾರಾಂಶ. ಅದರಾಚೆ ಎಷ್ಟೋ ಕಡೆ ಬಾಗಿಲಿಗೆ ಬೀಗ. ಒಂದೇ ಒಂದು ಲೇಖನವನ್ನು ತೆರೆದು ತೋರಿಸುವುದಕ್ಕೆ ಪ್ರಕಾಶಕರು ಮೂವತ್ತು ನಲವತ್ತು ಡಾಲರು ಕೇಳುವುದುಂಟು. ನಮ್ಮ ಹುಡುಗರ ಲೆಕ್ಕದಲ್ಲಿ ಅದು ಒಂದು ತಿಂಗಳ ಬಸ್ಸಿನ ಖರ್ಚಿಗಿಂತ ಹೆಚ್ಚು.

ಒಮ್ಮೆ ಒಬ್ಬ ವಿದ್ಯಾರ್ಥಿನಿಯನ್ನು ಕೇಳಿದೆ:

“ಏನಮ್ಮ, ಹತ್ತೂ ಲೇಖನ ಸಿಕ್ಕವೆ?”

“ಸಿಕ್ಕಿವೆ ಸರ್. ಪಟ್ಟಿ ಮಾಡಿಟ್ಟಿದ್ದೇನೆ.”

“ಓದಿದೆಯೊ?”

“ಎರಡು ಪೂರ್ತಿ ಓದಿದೆ ಸರ್. ಮಿಕ್ಕದ್ದಕ್ಕೆಲ್ಲ ದುಡ್ಡು ಕೇಳುತ್ತೆ. ಸಾರಾಂಶ ಇರುತ್ತಲ್ಲ, ಅದನ್ನ ನೋಡಿದೆ.”

“ಮತ್ತೆ ಪಟ್ಟಿಯಲ್ಲಿ ಹತ್ತು ಏಕೆ ಹಾಕಿದೆ?”

“ಹತ್ತು ಇಲ್ಲದಿದ್ರೆ ಮಾರ್ಕ್ಸ್ ಕಳೀತಾರಲ್ಲ ಸರ್.”

ಈ ಮಾತನ್ನು ಆಕೆ ಯಾವ ಕಪಟವೂ ಇಲ್ಲದೆ ಹೇಳಿದಳು. ದಾರಿಯಲ್ಲಿ ಯಾರದೋ ಹಣದ ಚೀಲ ಸಿಕ್ಕಿದರೆ ನೇರವಾಗಿ ಠಾಣೆಗೆ ಒಪ್ಪಿಸಿ ಬರುವಂಥ ಹುಡುಗಿ. ಆಕೆಯನ್ನು ಸುಳ್ಳುಗಾತಿ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಹಾಗೆಂದು ಆ ಪಟ್ಟಿಯನ್ನು ನಿಜವೆನ್ನಲೂ ಆಗುವುದಿಲ್ಲ.

ನಾವು ತಿಳಿದಿರುವ ಸಂಗತಿಗಳಲ್ಲಿ ಬಹುಪಾಲು ಬೇರೆಯವರ ಮಾತಿನಿಂದ ಬಂದದ್ದು. ಭೂಮಿ ಸೂರ್ಯನನ್ನು ಸುತ್ತುವುದನ್ನು ನಮ್ಮಲ್ಲಿ ಯಾರೂ ಕಣ್ಣಾರೆ ಕಂಡಿಲ್ಲ. ನಮ್ಮ ಹುಟ್ಟಿದ ದಿನವನ್ನೇ ತಾಯಿ ಹೇಳಿದ್ದರಿಂದ ನಂಬಿದ್ದೇವೆ. ನಮ್ಮ ನೈಯಾಯಿಕರು ಇದನ್ನು ಬಹಳ ಹಿಂದೆಯೇ ಕಂಡುಕೊಂಡು, ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ ಪ್ರಮಾಣವೆಂದು ಒಪ್ಪಿದರು. ವಿಷಯವನ್ನು ಬಲ್ಲವನಾಗಿಯೂ ಇದ್ದದ್ದನ್ನು ಇದ್ದಂತೆ ಹೇಳುವವನಾಗಿಯೂ ಇರುವ ಆಪ್ತನ ಮಾತು ಜ್ಞಾನಕ್ಕೆ ಸಾಧನ. ಆದ್ದರಿಂದ ಬೇರೆಯವರು ಹೇಳಿದ್ದನ್ನು ನಂಬಿ ಬರೆಯುವುದರಲ್ಲಿ ದೋಷವಿಲ್ಲ. ದೋಷ ಹುಟ್ಟುವುದು, ಕೇಳಿದ್ದನ್ನು ಕಂಡೆನೆಂದು ಹೇಳಿದಾಗ. ನ್ಯಾಯಸ್ಥಾನದಲ್ಲಿ ನಿಂತ ಸಾಕ್ಷಿ “ಪಕ್ಕದ ಮನೆಯವರು ಹೇಳಿದರು” ಎಂದರೆ ನ್ಯಾಯಾಧೀಶರು ಅದಕ್ಕೆ ಸಲ್ಲುವಷ್ಟು ಬೆಲೆ ಕೊಡುತ್ತಾರೆ, ಅಥವಾ ಬದಿಗಿಡುತ್ತಾರೆ. ಅದೇ ಮಾತನ್ನು “ನಾನೇ ನೋಡಿದೆ” ಎಂದು ಹೇಳಿದರೆ ಅದು ಸುಳ್ಳುಸಾಕ್ಷಿ. ಹೇಳಿದ ಸಂಗತಿ ನಿಜವಾಗಿದ್ದರೂ ಸುಳ್ಳುಸಾಕ್ಷಿಯೇ. ಆಧಾರಗಳ ಪಟ್ಟಿಯಲ್ಲಿ ಒಂದು ಲೇಖನದ ಹೆಸರು ಬರೆಯುವುದು ಎಂದರೆ “ಇದನ್ನು ನಾನು ಕಂಡಿದ್ದೇನೆ” ಎಂದು ಪ್ರಮಾಣ ಮಾಡಿದಂತೆ. ಕಾಳಿದಾಸನಿಗೆ ವ್ಯಾಖ್ಯಾನ ಬರೆದ ಮಲ್ಲಿನಾಥಸೂರಿಯು ಮೂಲವಿಲ್ಲದ ಮಾತನ್ನು ಬರೆಯುವುದಿಲ್ಲವೆಂದು ಮೊದಲೇ ಪ್ರತಿಜ್ಞೆ ಮಾಡಿಕೊಂಡು ಕೆಲಸಕ್ಕೆ ತೊಡಗಿದ. ಪ್ರತಿಯೊಂದು ಪಟ್ಟಿಯ ತಲೆಯ ಮೇಲೂ ಇಂಥದೊಂದು ಪ್ರತಿಜ್ಞೆ ಅಚ್ಚಾಗದೆಯೇ ಇರುತ್ತದೆ.

ಸೋಜಿಗವೆಂದರೆ, ಓದಲಾಗದವನಿಗೂ ವಿದ್ವತ್ ಜಗತ್ತು ಒಂದು ಪ್ರಾಮಾಣಿಕವಾದ ದಾರಿಯನ್ನು ಇಟ್ಟಿದೆ. ಮೂಲ ಸಿಕ್ಕದಿದ್ದರೆ “ಇಂಥವರ ಲೇಖನದಲ್ಲಿ ಉಲ್ಲೇಖಿಸಿರುವಂತೆ” ಎಂದು ಬರೆದು, ತಾನು ಓದಿದ ಲೇಖನವನ್ನು ಮಾತ್ರ ಪಟ್ಟಿಗೆ ಸೇರಿಸಬಹುದು. ಅಮೆರಿಕದ ಮನಶ್ಶಾಸ್ತ್ರ ಸಂಘದ ಬರವಣಿಗೆಯ ಕೈಪಿಡಿಯಲ್ಲಿಯೇ ಇದಕ್ಕೆ ನಿಯಮವಿದೆ. ಇದಕ್ಕೆ ಡಾಲರು ಬೇಡ. ಎರಡು ಮಾತು ಸಾಕು. ಆದರೂ ಇದನ್ನು ಬಳಸುವವರು ವಿರಳ. ಏಕೆಂದರೆ ಅದು ನಮ್ಮ ಬಡತನವನ್ನು ಹೊರಗೆ ಹಾಕುತ್ತದೆ. ಎರವಲು ಒಡವೆ ಹಾಕಿಕೊಂಡು ಮದುವೆಗೆ ಹೋದ ಹೆಂಗಸು ಅದನ್ನು ತನ್ನದಲ್ಲವೆಂದು ಸಾರಿಕೊಂಡು ತಿರುಗುತ್ತಾಳೆಯೆ? ಪಟ್ಟಿಯ ಸುಳ್ಳಿನಲ್ಲಿ ದುರಾಶೆಗಿಂತ ಸಂಕೋಚವೇ ಹೆಚ್ಚೆಂದು ನನಗೆ ತೋರುತ್ತದೆ. ಇಲ್ಲದ ಗ್ರಂಥಾಲಯ ಇದೆಯೆಂದು ತೋರಿಸಿಕೊಳ್ಳುವ ಸಂಕೋಚ.

ಇರಲಿ, ಕೇಳಿದ್ದನ್ನು ಕಂಡಂತೆ ಬರೆದರೆ ಆಗುವ ಅನರ್ಥವೇನು? ಮನಶ್ಶಾಸ್ತ್ರದ ಚರಿತ್ರೆಯೇ ಇದಕ್ಕೆ ಉದಾಹರಣೆ ಕೊಡುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಎಂಬವರು ಒಂದು ಎಳೆಯ ಮಗುವಿನ ಮೇಲೆ ಪ್ರಯೋಗ ನಡೆಸಿ ೧೯೨೦ರಲ್ಲಿ ಅದರ ವರದಿ ಪ್ರಕಟಿಸಿದರು. ಮಗುವಿಗೆ ಅವರು ಕೊಟ್ಟ ಹೆಸರು ಆಲ್ಬರ್ಟ್. ಬಿಳಿಯ ಇಲಿಯನ್ನು ಕಂಡರೆ ಅದಕ್ಕೆ ಮೊದಲು ಹೆದರಿಕೆ ಇರಲಿಲ್ಲ. ಹನ್ನೊಂದು ತಿಂಗಳ ವಯಸ್ಸಿನಲ್ಲಿ, ಅದು ಇಲಿಯನ್ನು ಮುಟ್ಟಹೋದಾಗ ಬೆನ್ನ ಹಿಂದೆ ಉಕ್ಕಿನ ಸಲಾಕೆಯ ಮೇಲೆ ಸುತ್ತಿಗೆಯಿಂದ ಬಡಿದರು. ಹೀಗೆ ಹಲವು ಸಲ ಮಾಡಿದ ಮೇಲೆ ಇಲಿಯನ್ನು ಕಂಡರೇ ಮಗು ಅಳತೊಡಗಿತು. ಮೊಲ, ನಾಯಿ, ತುಪ್ಪಳದ ಕೋಟು ಇವುಗಳಿಗೂ ಹೆದರಿತು ಎಂದು ವರದಿ ಹೇಳುತ್ತದೆ. ಇಂದು ಇಂಥ ಪ್ರಯೋಗಕ್ಕೆ ಯಾವ ವಿಶ್ವವಿದ್ಯಾನಿಲಯವೂ ಅನುಮತಿ ಕೊಡಲಾರದು. ಅದು ಬೇರೆಯ ಮಾತು.

ಮನಶ್ಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಈ ಕಥೆ ಇಲ್ಲದ ಪುಸ್ತಕ ಅಪರೂಪ. ೧೯೭೯ರಲ್ಲಿ ಬೆನ್ ಹ್ಯಾರಿಸ್ ಎಂಬವರು ಮೂಲವನ್ನೂ ಪಠ್ಯಪುಸ್ತಕಗಳನ್ನೂ ಎದುರಿಗಿಟ್ಟು ಹೋಲಿಸಿ ನೋಡಿದರು. ಕಥೆ ಕೈಯಿಂದ ಕೈಗೆ ಬೆಳೆದಿತ್ತು. ಮಗು ಬೆಕ್ಕಿಗೆ ಹೆದರಿತೆಂದು ಒಬ್ಬರು, ಗಂಡಸಿನ ಗಡ್ಡಕ್ಕೆ ಹೆದರಿತೆಂದು ಇನ್ನೊಬ್ಬರು, ಆಟದ ಕರಡಿಗೆ ಹೆದರಿತೆಂದು ಮತ್ತೊಬ್ಬರು, ತಾಯಿಯ ತುಪ್ಪಳದ ಉಡುಪಿಗೆ ಹೆದರಿತೆಂದು ಇನ್ನೂ ಒಬ್ಬರು ಬರೆದಿದ್ದರು. ಎಲ್ಲಕ್ಕಿಂತ ಸೋಜಿಗವಾದದ್ದು ಕೊನೆಯ ಸೇರ್ಪಡೆ: ವಾಟ್ಸನ್ನನು ಆಮೇಲೆ ಆ ಹೆದರಿಕೆಯನ್ನು ಬಿಡಿಸಿದ ಎಂದು ಕೆಲವರು ಬರೆದಿದ್ದರು. ಮೂಲ ಲೇಖನ ಹೇಳುವುದು ಇದಕ್ಕೆ ತೀರ ವಿರುದ್ಧ. ಮಗುವನ್ನು ಆಸ್ಪತ್ರೆಯಿಂದ ಕರೆದುಕೊಂಡು ಹೋದದ್ದರಿಂದ ಹೆದರಿಕೆ ಬಿಡಿಸುವ ಪ್ರಯತ್ನಕ್ಕೆ ಅವಕಾಶವೇ ಆಗಲಿಲ್ಲವೆಂದು ಅಲ್ಲಿ ಸ್ಪಷ್ಟವಾಗಿದೆ.

ಆ ಲೇಖನದ ಉದ್ದ ಹದಿನಾಲ್ಕು ಪುಟ. ಅರ್ಧ ಗಂಟೆಯ ಓದು. ಅರ್ಧ ಗಂಟೆ ಕೊಡದ ಪಂಡಿತರು ಮಗುವಿನ ಹೆದರಿಕೆಯನ್ನು ತಮ್ಮ ಲೇಖನಿಯಿಂದಲೇ ಗುಣಪಡಿಸಿಬಿಟ್ಟರು. ಕೆಟ್ಟ ಬುದ್ಧಿಯಿಂದ ಮಾಡಿದರೆಂದು ಹೇಳಲಾರೆ. ಕಥೆ ಸುಖವಾಗಿ ಮುಗಿಯಲಿ ಎಂಬ ಆಸೆ ಎಲ್ಲರಿಗೂ ಉಂಟು. ಆ ಆಸೆಗೆ ಎದುರು ನಿಂತು ‘ಇಲ್ಲ’ ಎನ್ನಬೇಕಾದ ಮೂಲ ಕೈಯಲ್ಲಿರಲಿಲ್ಲ, ಅಷ್ಟೆ. ಆದರೆ ಒಂದು ಮಗುವಿಗೆ ಆದ ಅನ್ಯಾಯ ಆ ಪುಸ್ತಕಗಳಲ್ಲಿ ಅನ್ಯಾಯವಾಗಿ ಉಳಿಯಲಿಲ್ಲ. ಅವನ್ನು ಓದಿದ ವಿದ್ಯಾರ್ಥಿಗಳು ಕೊನೆಗೆ ಎಲ್ಲವೂ ಸರಿಹೋಯಿತೆಂದು ನಂಬಿದರು.

ಕನ್ನಡ ಓದಿದವರಿಗೆ ಇದು ಹೊಸದಲ್ಲ. ಓಲೆಗರಿಯ ಪ್ರತಿಗಳನ್ನು ಹೋಲಿಸಿ ಹಳೆಯ ಕಾವ್ಯವನ್ನು ಸಂಪಾದಿಸುವವರು ಒಂದು ಸೂತ್ರವನ್ನು ಬಲ್ಲರು. ಎರಡು ಪ್ರತಿಗಳಲ್ಲಿ ಶುದ್ಧವಾದ ಪಾಠ ಒಂದೇ ಆಗಿದ್ದರೆ ಅದರಿಂದ ಹೆಚ್ಚೇನೂ ತಿಳಿಯದು. ಎರಡರಲ್ಲಿಯೂ ಒಂದೇ ಸ್ಥಳದಲ್ಲಿ ಒಂದೇ ವಿಚಿತ್ರವಾದ ತಪ್ಪಿದ್ದರೆ, ಒಂದನ್ನು ನೋಡಿ ಇನ್ನೊಂದನ್ನು ಬರೆದಿದ್ದಾರೆ, ಅಥವಾ ಎರಡೂ ಮೂರನೆಯ ಒಂದು ಪ್ರತಿಯ ಮಕ್ಕಳು ಎಂದು ಊಹಿಸಬಹುದು. ಇದೇ ಸೂತ್ರವನ್ನು ಆಧಾರಗಳ ಪಟ್ಟಿಗೆ ಹಚ್ಚಿದವರು ಕ್ಯಾಲಿಫೋರ್ನಿಯಾದ ಇಬ್ಬರು, ಸಿಮ್ಕಿನ್ ಮತ್ತು ರಾಯ್‌ಚೌಧುರಿ. ಭೌತಶಾಸ್ತ್ರದ ಒಂದು ಹೆಸರಾಂತ ಲೇಖನವನ್ನು ಸುಮಾರು ೪,೩೦೦ ಕಡೆ ಉಲ್ಲೇಖಿಸಿದ್ದರು. ಅವುಗಳಲ್ಲಿ ೧೯೬ ಕಡೆ ಸಂಪುಟವೋ ಪುಟವೋ ವರ್ಷವೋ ತಪ್ಪಾಗಿತ್ತು. ಆದರೆ ಬೇರೆ ಬೇರೆ ಬಗೆಯ ತಪ್ಪುಗಳು ೪೫ ಮಾತ್ರ. ಪುಟಸಂಖ್ಯೆಯ ಒಂದೇ ತಪ್ಪು ೭೮ ಪಟ್ಟಿಗಳಲ್ಲಿ ಕಾಣಿಸಿಕೊಂಡಿತ್ತು. ಎಪ್ಪತ್ತೆಂಟು ಮಂದಿಗೆ ಒಂದೇ ರೀತಿ ಕೈತಪ್ಪುವುದುಂಟೆ? ಮೂಲ ನೋಡದೆ ಒಬ್ಬರ ಪಟ್ಟಿಯಿಂದ ಇನ್ನೊಬ್ಬರು ನಕಲು ಮಾಡಿಕೊಂಡಿದ್ದರು. ಇಂಥ ಲೆಕ್ಕಗಳಿಂದ ಅವರು ೨೦೦೩ರಲ್ಲಿ ಮಾಡಿದ ಅಂದಾಜು, ಮೂಲವನ್ನು ಉಲ್ಲೇಖಿಸುವವರಲ್ಲಿ ಅದನ್ನು ಓದಿದವರು ನೂರಕ್ಕೆ ಇಪ್ಪತ್ತು ಮಂದಿ ಎಂದು. ಅಂದಾಜು ಹೆಚ್ಚುಕಡಿಮೆ ಇರಬಹುದು. ನಮ್ಮ ಹುಡುಗಿ ಹತ್ತರಲ್ಲಿ ಎರಡು ಓದಿದ್ದಳು. ಲೆಕ್ಕ ಸರಿಯಾಗಿ ಅಲ್ಲಿಗೇ ಬಂದು ನಿಲ್ಲುವುದು ಕಾಕತಾಳೀಯವಾದರೂ ನನಗೆ ನಗು ತರಿಸಿತು. ಓಲೆಗರಿಯ ಲಿಪಿಕಾರನಾದರೋ ಇಡೀ ಕಾವ್ಯವನ್ನು ಕೈಯಾರೆ ಕೊರೆದಿದ್ದ.

ಇಷ್ಟಾದರೂ ಒಬ್ಬರು ಕೇಳಬಹುದು: ಇವರು ಪಂಡಿತರು, ಅವರ ಮಾತು ಬೇರೆ. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಹತ್ತು ಅಂಕಕ್ಕಾಗಿ ಬರೆದ ಪಟ್ಟಿಯನ್ನು ಯಾರು ಓದುತ್ತಾರೆ? ಅಧ್ಯಾಪಕರೂ ಎಣಿಸುತ್ತಾರೆಯೇ ಹೊರತು ಓದುವುದಿಲ್ಲ. ಯಾರಿಗೂ ತಲುಪದ ಸುಳ್ಳಿನಿಂದ ಯಾರಿಗೆ ನಷ್ಟ?

ಈ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭವಲ್ಲ. ನನ್ನ ಮಟ್ಟಿಗೆ ಹೊಳೆದ ಉತ್ತರವಿಷ್ಟು. ಮನಶ್ಶಾಸ್ತ್ರ ಓದಿದವಳು ನಾಳೆ ಶಾಲೆಯಲ್ಲಿಯೋ ಆಸ್ಪತ್ರೆಯಲ್ಲಿಯೋ ಆಪ್ತಸಮಾಲೋಚಕಿಯಾಗಿ ಕುಳಿತುಕೊಳ್ಳುತ್ತಾಳೆ. ಎದುರಿಗೆ ಒಂದು ಮಗುವಿನ ತಂದೆತಾಯಿ. ಮಗ ರಾತ್ರಿಯೆಲ್ಲ ಮೊಬೈಲು ನೋಡುತ್ತಾನೆ, ಮಂಕಾಗಿದ್ದಾನೆ, ಏನು ಮಾಡೋಣ ಎಂದು ಕೇಳುತ್ತಾರೆ. ಆಗ ಆಕೆಯ ಬಾಯಿಂದ ಬರುವ ಮಾತು: “ಸಂಶೋಧನೆಗಳು ಹೀಗೆ ಹೇಳುತ್ತವೆ.” ಆ ತಂದೆತಾಯಿಗಳಿಗೆ ಲೇಖನ ತೆರೆದು ನೋಡುವ ಶಕ್ತಿಯಿಲ್ಲ. ಅವರಿಗೆ ಆಕೆಯೇ ಆಪ್ತಳು, ಆಕೆಯ ಮಾತೇ ಪ್ರಮಾಣ. ಇಪ್ಪತ್ತನೆಯ ವಯಸ್ಸಿನಲ್ಲಿ ಸಾರಾಂಶ ನೋಡಿ ‘ಕಂಡೆ’ ಎಂದು ಬರೆಯುವ ಕೈಗೆ ಮೂವತ್ತನೆಯ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಬೇರೆ ಅಭ್ಯಾಸ ಬರುವುದಿಲ್ಲ. ಪ್ರತಿದಿನವೂ ಪತ್ರಿಕೆಯಲ್ಲಿ ‘ಅಧ್ಯಯನವೊಂದರ ಪ್ರಕಾರ’ ಎಂದು ಓದಿ, ಮಕ್ಕಳ ಊಟ ನಿದ್ರೆಗಳನ್ನು ಅದರಂತೆ ಬದಲಾಯಿಸುವ ನಾವೆಲ್ಲರೂ ಆ ತಂದೆತಾಯಿಗಳ ಸ್ಥಾನದಲ್ಲಿದ್ದೇವೆ.

ಹತ್ತಕ್ಕೆ ಹತ್ತನ್ನೂ ಓದಿದರೆ ಆಗ ಪಟ್ಟಿ ಸತ್ಯವಾಯಿತೆ? ಅದೂ ಹೇಳಲಾಗದು. ಈ ಮೊಬೈಲಿನ ವಿಷಯವನ್ನೇ ತೆಗೆದುಕೊಳ್ಳಿ. ‘ಮೊಬೈಲಿನಿಂದ ಖಿನ್ನತೆ’ ಎಂದು ಹುಡುಕಿದರೆ ಹೌದೆನ್ನುವ ಲೇಖನಗಳೇ ಹತ್ತು ಸಿಗುತ್ತವೆ. ಹುಡುಕಿದ ಮಾತಿನಲ್ಲಿಯೇ ತೀರ್ಪು ಅಡಗಿದೆ. ಜೀನ್ ಟ್ವೆಂಗೆ ಮತ್ತು ಅವರ ಸಂಗಡಿಗರು ೨೦೧೮ರಲ್ಲಿ ಅಮೆರಿಕದ ಹದಿಹರೆಯದವರ ಖಿನ್ನತೆಗೂ ಪರದೆಯ ಮುಂದೆ ಕಳೆಯುವ ಕಾಲಕ್ಕೂ ಸಂಬಂಧವನ್ನು ಕಂಡರು. ೨೦೧೯ರಲ್ಲಿ ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಷಿಬಿಲ್ಸ್ಕಿ ಅಮೆರಿಕ ಮತ್ತು ಬ್ರಿಟನ್ನಿನ ಮೂರೂವರೆ ಲಕ್ಷಕ್ಕೂ ಹೆಚ್ಚು ಹುಡುಗ ಹುಡುಗಿಯರ ಅಂಕಿಅಂಶಗಳನ್ನು ಪರಿಶೀಲಿಸಿ, ಅವರ ನೆಮ್ಮದಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಇಂಥ ಸಾಧನಗಳಿಗೆ ಸಲ್ಲುವ ಪಾಲು ಹೆಚ್ಚೆಂದರೆ ನೂರಕ್ಕೆ ೦.೪ ಎಂದರು. ಕನ್ನಡಕ ಹಾಕುವುದಕ್ಕೂ ನೆಮ್ಮದಿ ಕಡಿಮೆಯಾಗುವುದಕ್ಕೂ ಇದಕ್ಕಿಂತ ಹೆಚ್ಚು ಸಂಬಂಧ ಕಂಡಿತಂತೆ. ಆಲೂಗಡ್ಡೆ ತಿನ್ನುವುದಕ್ಕೂ ಹೆಚ್ಚುಕಡಿಮೆ ಇಷ್ಟೇ! ಇದಕ್ಕೆ ಟ್ವೆಂಗೆ ಮೊದಲಾದವರ ಆಕ್ಷೇಪಗಳೂ ಅಚ್ಚಾದವು. ವಾದ ಮುಗಿದಿಲ್ಲ. ಆದರೆ ಒಂದು ಕಡೆಯ ಹತ್ತು ಲೇಖನಗಳನ್ನು ಮಾತ್ರ ಓದಿದವಳಿಗೆ ವಾದವೊಂದು ನಡೆಯುತ್ತಿದೆಯೆಂಬುದೇ ತಿಳಿಯುವುದಿಲ್ಲ.

ಮನುಷ್ಯನ ಈ ಒಲವನ್ನು ಮನಶ್ಶಾಸ್ತ್ರವೇ ಅಳೆದು ತೋರಿಸಿದೆಯೆಂಬುದು ಗಮನಿಸತಕ್ಕದ್ದು. ೧೯೬೦ರಲ್ಲಿ ಪೀಟರ್ ವೇಸನ್ ಎಂಬ ಆಂಗ್ಲ ವಿದ್ವಾಂಸ ಜನರಿಗೆ ೨, ೪, ೬ ಎಂಬ ಮೂರು ಸಂಖ್ಯೆ ಕೊಟ್ಟು, ಇದರ ಹಿಂದೆ ಒಂದು ನಿಯಮವಿದೆ, ನೀವೇ ಬೇರೆ ಸಂಖ್ಯೆಗಳನ್ನು ಹೇಳಿ ಅದನ್ನು ಕಂಡುಹಿಡಿಯಿರಿ ಎಂದ. ಬಹಳ ಮಂದಿ ಸಮಸಂಖ್ಯೆಗಳು ಎರಡೆರಡಾಗಿ ಏರುತ್ತವೆಂದು ಮೊದಲೇ ನಿಶ್ಚಯಿಸಿಕೊಂಡು ೮, ೧೦, ೧೨ ಎಂದರು; ‘ಸರಿ’ ಎಂಬ ಉತ್ತರ ಬಂತು. ೨೦, ೨೨, ೨೪ ಎಂದರು, ಮತ್ತೆ ‘ಸರಿ’. ನಿಯಮವಾದರೋ ಸಂಖ್ಯೆಗಳು ಏರುತ್ತ ಹೋಗಬೇಕೆಂಬುದಷ್ಟೆ. ೧, ೨, ೩ ಎಂದು ತಮ್ಮ ಊಹೆಗೆ ವಿರುದ್ಧವಾದದ್ದನ್ನು ಒಮ್ಮೆ ಕೇಳಿದ್ದರೆ ಗುಟ್ಟು ಹೊರಬೀಳುತ್ತಿತ್ತು. ‘ಸರಿ’ ಎಂಬ ಉತ್ತರದ ರುಚಿ ಹತ್ತಿದವನು ‘ತಪ್ಪು’ ಎನ್ನಿಸಿಕೊಳ್ಳುವ ಪ್ರಶ್ನೆಯನ್ನು ಕೇಳಲು ಹಿಂದೆಗೆಯುತ್ತಾನೆ.

ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವಿಲ್ಲದೆ ಸಿದ್ಧಾಂತವಿಲ್ಲ. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿದ ಮೇಲೆಯೇ ತನ್ನ ಮಾತು. ಇದನ್ನು ವಾದದ ಚಾತುರ್ಯವೆಂದು ತಿಳಿಯುವವರುಂಟು. ನನಗೆ ಅದು ನೀತಿಯಾಗಿಯೇ ಕಾಣುತ್ತದೆ. ಕಕ್ಷಿಗಾರನು ತನ್ನ ಪರವಾದ ಸಾಕ್ಷಿಗಳನ್ನು ಹುಡುಕಿಕೊಂಡು ಹೋಗುತ್ತಾನೆ, ಅದು ಅವನ ಕೆಲಸ. ಪ್ರಬಂಧ ಬರೆಯುವ ವಿದ್ಯಾರ್ಥಿ ಕಕ್ಷಿಗಾರನಲ್ಲ. ಹತ್ತು ಬೇಕೆನ್ನುವ ಅಧ್ಯಾಪಕರು “ಎರಡಾದರೂ ನಿನ್ನ ಅಭಿಪ್ರಾಯಕ್ಕೆ ವಿರುದ್ಧವಾಗಿರಲಿ” ಎಂದು ಸೇರಿಸಿದರೆ ಹುಡುಕುವ ಮಾತುಗಳೇ ಬದಲಾದಾವು.

ಇದರಲ್ಲಿ ಇನ್ನೂ ಒಂದು ತೊಡಕಿದೆ. ಎರಡು ಕಡೆಯ ಸಾಕ್ಷಿಗಳನ್ನೂ ಕರೆಯಬೇಕೆಂದು ಹೊರಟವನಿಗೆ ಒಂದು ಕಡೆಯ ಸಾಕ್ಷಿಗಳು ನ್ಯಾಯಸ್ಥಾನದ ಮೆಟ್ಟಿಲನ್ನೇ ಹತ್ತಿಲ್ಲದಿರಬಹುದು. ಪ್ರಯೋಗ ಮಾಡಿ ಏನೂ ಫಲ ಕಾಣದವರ ವರದಿ ಅಚ್ಚಾಗದೆ ಮೇಜಿನ ಸೆಳೆಖಾನೆಯಲ್ಲಿ ಉಳಿಯುತ್ತದೆಂದು ರಾಬರ್ಟ್ ರೋಸೆಂತಾಲ್ ೧೯೭೯ರಲ್ಲಿಯೇ ಎಚ್ಚರಿಸಿದ್ದರು. ೨೦೧೫ರಲ್ಲಿ ಮನಶ್ಶಾಸ್ತ್ರದ ಮೂರು ಪತ್ರಿಕೆಗಳಿಂದ ಆರಿಸಿದ ನೂರು ಅಧ್ಯಯನಗಳನ್ನು ಹಲವು ವಿದ್ವಾಂಸರು ಸೇರಿ ಹೊಸದಾಗಿ ಮಾಡಿ ನೋಡಿದರು. ಮೊದಲು ಅಚ್ಚಾದಾಗ ನೂರಕ್ಕೆ ೯೭ರಲ್ಲಿ ಗಣನೀಯವೆಂದು ಹೇಳಿದ್ದ ಫಲ, ಮತ್ತೆ ಮಾಡಿದಾಗ ೩೬ರಲ್ಲಿ ಮಾತ್ರ ಕಂಡಿತು. ಹಾಗಾದರೆ ಮನಶ್ಶಾಸ್ತ್ರವೇ ಸುಳ್ಳೆ? ಹಾಗೆ ಹೇಳುವವರ ಆತುರವೂ ೮, ೧೦, ೧೨ರ ಆತುರವೇ. ತನ್ನ ನೂರು ಮಾತುಗಳನ್ನು ತಾನೇ ಮತ್ತೆ ಒರೆಗೆ ಹಚ್ಚಿ, ಸೋಲನ್ನು ತಾನೇ ಅಚ್ಚುಮಾಡಿಸಿದ ಶಾಸ್ತ್ರ ಅದು. ನಮ್ಮ ಸಾಹಿತ್ಯ ವಿಮರ್ಶೆಯಲ್ಲಿ ಅಂಥದೊಂದು ಪರೀಕ್ಷೆ ನಡೆದರೆ ನೂರಕ್ಕೆ ಎಷ್ಟು ಉಳಿದಾವೆಂಬ ಪ್ರಶ್ನೆಯನ್ನು ಇಲ್ಲಿ ಎತ್ತದಿರುವುದು ಲೇಸು.

ಈಚೆಗೆ ಇವೆಲ್ಲಕ್ಕೂ ಮೀರಿದ ಸಾಕ್ಷಿಯೊಬ್ಬ ಬಂದಿದ್ದಾನೆ: ಹುಟ್ಟಿಯೇ ಇರದ ಸಾಕ್ಷಿ. ಕೃತಕ ಬುದ್ಧಿಯ ಯಂತ್ರವನ್ನು ‘ಹತ್ತು ಲೇಖನಗಳ ಪಟ್ಟಿ ಕೊಡು’ ಎಂದು ಕೇಳಿದರೆ ಅದು ಕೊಡುತ್ತದೆ. ಕರ್ತೃ, ವರ್ಷ, ಸಂಪುಟ, ಪುಟ ಎಲ್ಲವೂ ಅಚ್ಚುಕಟ್ಟು. ಕೆಲವೊಮ್ಮೆ ಅಂಥ ಲೇಖನವೇ ಲೋಕದಲ್ಲಿರುವುದಿಲ್ಲ. ೨೦೨೩ರಲ್ಲಿ ನ್ಯೂಯಾರ್ಕಿನ ವಕೀಲರು ಹೀಗೆ ಯಂತ್ರ ಕಟ್ಟಿಕೊಟ್ಟ, ಎಂದೂ ನಡೆಯದ ಮೊಕದ್ದಮೆಗಳ ತೀರ್ಪುಗಳನ್ನು ನ್ಯಾಯಾಲಯದ ಮುಂದಿಟ್ಟು ೫,೦೦೦ ಡಾಲರು ದಂಡ ತೆತ್ತರು. ಯಂತ್ರವನ್ನು ಬಯ್ಯುವವರು ಒಂದನ್ನು ಮರೆಯುತ್ತಾರೆ. ಪಟ್ಟಿಯಲ್ಲಿರುವುದನ್ನು ತೆರೆದು ನೋಡುವ ವಾಡಿಕೆ ಉಳಿದಿದ್ದಲ್ಲಿ ಯಂತ್ರದ ಸುಳ್ಳು ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ. ಓದದೆ ಬರೆಯುವ ಪದ್ಧತಿ ಹೊಲವನ್ನು ಉತ್ತು ಹದಮಾಡಿ ಇಟ್ಟಿತ್ತು. ಯಂತ್ರ ಬಂದು ಬಿತ್ತಿತು.

ಇನ್ನು ಬೀಗ ಹಾಕಿದ ಬಾಗಿಲಿನ ಮಾತು. ಓದು ಎನ್ನುವ ನಾವು ಬೀಗದ ಕೈಯನ್ನೂ ಕೊಡಬೇಕಷ್ಟೆ? ‘ಒಂದು ದೇಶ ಒಂದು ಚಂದಾ’ ಎಂಬ ಯೋಜನೆಗೆ ಕೇಂದ್ರ ಸರ್ಕಾರ ೨೦೨೪ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟು, ಮೂರು ವರ್ಷಗಳಿಗೆ ೬,೦೦೦ ಕೋಟಿ ರೂಪಾಯಿ ಗೊತ್ತುಮಾಡಿತು. ಮೂವತ್ತು ಪ್ರಕಾಶಕರ ಸುಮಾರು ೧೩,೦೦೦ ಪತ್ರಿಕೆಗಳು ೨೦೨೫ರಿಂದ ಸರ್ಕಾರಿ ಕಾಲೇಜು ವಿಶ್ವವಿದ್ಯಾನಿಲಯಗಳಿಗೆ ತೆರೆದವು. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನ ಹುಡುಗನಿಗೆ ಇದು ಸಣ್ಣ ಸಂಗತಿಯಲ್ಲ. ಖಾಸಗಿ ಕಾಲೇಜುಗಳಲ್ಲಿ ಓದುವವರು ಮೊದಲ ಹಂತದಲ್ಲಿ ಸೇರಲಿಲ್ಲ; ನಮ್ಮ ರಾಜ್ಯದಲ್ಲಿ ಅವರ ಸಂಖ್ಯೆ ದೊಡ್ಡದು. ಜನರ ತೆರಿಗೆಯಿಂದ ನಡೆದ ಸಂಶೋಧನೆಯನ್ನು ಜನರ ತೆರಿಗೆಯಿಂದಲೇ ಮತ್ತೆ ಕೊಳ್ಳಬೇಕಾಗಿರುವುದು ವಿಚಿತ್ರವೇ. ಆದರೆ ಬೀಗವಿದ್ದಷ್ಟು ದಿನವೂ ಒಳಗೆ ಹೋಗಿ ಬಂದೆನೆಂದು ಬರೆಯಬಹುದೆಂದು ಇದರಿಂದ ಸಿದ್ಧವಾಗುವುದಿಲ್ಲ. ಬಾಗಿಲು ಮುಚ್ಚಿತ್ತು ಎಂದು ಬರೆಯುವುದಕ್ಕೆ ಅಡ್ಡಿಯೇನು?

ಅಡ್ಡಿ ನಾವು, ಎಂದರೆ ಅಧ್ಯಾಪಕ ವರ್ಗ. ಹತ್ತೆಂಬ ಸಂಖ್ಯೆಯನ್ನು ಗೊತ್ತುಮಾಡಿದವರು ನಾವು. ಓದಿದ್ದನ್ನು ಪರೀಕ್ಷಿಸುವುದು ಕಷ್ಟ, ಎಣಿಸುವುದು ಸುಲಭ. ನೂರಿಪ್ಪತ್ತು ಪ್ರಬಂಧಗಳು ಮೇಜಿನ ಮೇಲಿರುವಾಗ ಯಾರಾದರೂ ಎಣಿಸುತ್ತಾರೆ. ಎರಡು ಲೇಖನ ಓದಿ, ಎರಡನ್ನೇ ಬರೆದು, ಅದರಲ್ಲಿ ತನಗೆ ಅರ್ಥವಾಗದ ಒಂದು ಕೋಷ್ಟಕವನ್ನು ಹೆಸರಿಸಿದ ವಿದ್ಯಾರ್ಥಿಗೆ ಹತ್ತು ಬರೆದವನಿಗಿಂತ ಹೆಚ್ಚು ಅಂಕ ಕೊಡುವ ಧೈರ್ಯ ನಮಗಿದ್ದರೆ ಅರ್ಧ ರೋಗ ಅಲ್ಲಿಗೇ ನಿಲ್ಲುತ್ತದೆ. ಆ ಹುಡುಗಿಯ ಪಟ್ಟಿಯಲ್ಲಿದ್ದ ಎಂಟು ಸುಳ್ಳುಗಳಲ್ಲಿ ಆರನ್ನಾದರೂ ಆಕೆಗೆ ಪ್ರಶ್ನೆಪತ್ರಿಕೆ ಬರೆದುಕೊಟ್ಟವರ ಲೆಕ್ಕಕ್ಕೆ ಹಚ್ಚುವುದು ನ್ಯಾಯ.

ಹಿಂದಿನವರಲ್ಲಿ ಒಂದು ಪದ್ಧತಿಯಿತ್ತು. ಲೇಖನ ಅಚ್ಚಾದಾಗ ಪತ್ರಿಕೆಯವರು ಕರ್ತೃವಿಗೆ ಕೆಲವು ಬಿಡಿ ಪ್ರತಿಗಳನ್ನು ಕೊಡುತ್ತಿದ್ದರು. ಬೇಕಾದವರು ಅದಕ್ಕಾಗಿಯೇ ಅಚ್ಚುಹಾಕಿಸಿದ ಕಾರ್ಡಿನಲ್ಲಿ ಲೇಖನದ ಹೆಸರು ತುಂಬಿ, “ತಮ್ಮ ಲೇಖನದ ಒಂದು ಪ್ರತಿಯನ್ನು ದಯಪಾಲಿಸಬೇಕು” ಎಂದು ಕೇಳಿ ಅಂಚೆಗೆ ಹಾಕುತ್ತಿದ್ದರು. ಕಡಲಾಚೆಯಿಂದ ಲಕೋಟೆ ಬರುವುದಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು. ಈಗ ಅದೇ ಕೆಲಸಕ್ಕೆ ಮಿಂಚಂಚೆ ಇದೆ. ಸಾರಾಂಶದ ಪಕ್ಕದಲ್ಲಿ ಕರ್ತೃವಿನ ವಿಳಾಸ ಸಾಮಾನ್ಯವಾಗಿ ಕೊಟ್ಟಿರುತ್ತಾರೆ. ಕೇಳಿದರೆ ಬಹುಮಂದಿ ಸಂತೋಷದಿಂದ ಕಳುಹಿಸುತ್ತಾರೆ. ತಾನು ಬರೆದದ್ದನ್ನು ಪೂರ್ತಿ ಓದುತ್ತೇನೆನ್ನುವ ಒಬ್ಬ ವಿದ್ಯಾರ್ಥಿ ಎಲ್ಲೋ ಕರ್ನಾಟಕದ ಒಂದು ಊರಿನಲ್ಲಿ ಇದ್ದಾನೆಂದು ತಿಳಿದರೆ ಯಾವ ಪಂಡಿತನಿಗೆ ಹಿಗ್ಗಾಗದು? ನಾಲ್ಕು ಸಾಲಿನ ಅಂಥದೊಂದು ಪತ್ರವನ್ನು ಬರೆಯುವುದು ಹೇಗೆಂದು ಭಾಷೆಯ ತರಗತಿಯಲ್ಲಿಯೇ ಕಲಿಸಬಹುದು. ರಜಾ ಅರ್ಜಿ ಬರೆಯುವುದನ್ನು ಹೇಗೂ ಕಲಿಸುತ್ತಿದ್ದೇವೆ.